ಸ್ಕ್ರೂ ತಲೆ ಯಾಕೆ ಸವೆಯುತ್ತದೆ? ಸ್ಕ್ರೂಡ್ರೈವರ್ ಆರಿಸುವ, ಹಿಡಿಯುವ, ಕಾಪಾಡುವ ಬಗೆ

ಹಳೆಯ ಜಪಾನಿ ಮೋಟಾರ್‌ಸೈಕಲ್ ಒಂದರ ಬ್ರೇಕ್ ಆಯಿಲ್ ಬದಲಾಯಿಸಲು ಕೂತಿದ್ದೆ. ಹ್ಯಾಂಡಲ್ ಪಕ್ಕದ ಪುಟ್ಟ ಡಬ್ಬಿಯ ಮುಚ್ಚಳಕ್ಕೆ ಎರಡೇ ಎರಡು ಸ್ಕ್ರೂ. ಕೈಗೆ ಸಿಕ್ಕ ಸ್ಟಾರ್ ಸ್ಕ್ರೂಡ್ರೈವರ್ ಇಟ್ಟು ತಿರುಗಿಸಿದೆ. ತುದಿ ಒಂದು ಕ್ಷಣ ಹಿಡಿದ ಹಾಗಾಯಿತು, ಆಮೇಲೆ ಗರಕ್ಕನೆ ಮೇಲೆದ್ದು ಜಾರಿತು. ಇನ್ನೊಮ್ಮೆ ಇಟ್ಟೆ. ಮತ್ತೆ ಗರಕ್. ಮೂರನೇ ಸಲಕ್ಕೆ ಪ್ಲಸ್ ಆಕಾರ ಮಾಯವಾಗಿ ಅಲ್ಲೊಂದು ದುಂಡನೆಯ ಗುಂಡಿ ಉಳಿದಿತ್ತು, ಸುತ್ತ ಹೊಳೆಯುವ ಲೋಹದ ಪುಡಿ. ಸ್ಕ್ರೂ ಕಳಪೆ ಅಂದುಕೊಂಡೆ. ಎರಡನೆಯದನ್ನು ಮುಟ್ಟುವ ಮೊದಲು ಬಗ್ಗಿ ನೋಡಿದೆ. ಪ್ಲಸ್ ಗುರುತಿನ ಪಕ್ಕದಲ್ಲಿ ಸೂಜಿಮೊನೆಯಷ್ಟು ಸಣ್ಣ ಚುಕ್ಕೆ ಇತ್ತು. ಆ ಚುಕ್ಕೆಯ ಅರ್ಥ ಗೊತ್ತಿದ್ದರೆ ಮೊದಲ ಸ್ಕ್ರೂ ಕೂಡ ಉಳಿಯುತ್ತಿತ್ತು.

ಆ ಚುಕ್ಕೆಗೆ ಆಮೇಲೆ ಬರುತ್ತೇನೆ. ಮೊದಲು ಒಂದು ಮಾತು. ನಾವು 'ಸ್ಕ್ರೂ ಸ್ಲಿಪ್ ಆಯ್ತು', 'ತಲೆ ಹೋಯ್ತು' ಎಂದು ಬೈಯುವ ಸ್ಕ್ರೂಗಳಲ್ಲಿ ಬಹಳಷ್ಟು ಚೆನ್ನಾಗಿಯೇ ಇದ್ದವು. ಅವುಗಳ ಗುಳಿಗೆ ಹೊಂದದ ತುದಿಯನ್ನು ನಾವು ತುರುಕಿದ್ದೆವು, ಅಷ್ಟೇ. ಸ್ಕ್ರೂಡ್ರೈವರ್ ಕೊಳ್ಳುವಾಗ, ಬಳಸುವಾಗ, ಎತ್ತಿಡುವಾಗ ಇದೊಂದನ್ನು ನೆನಪಿಟ್ಟರೆ ಸಾಕು: ತುದಿ ಮತ್ತು ಗುಳಿ ಒಂದಕ್ಕೊಂದು ಜೋಡಿಯಾಗಬೇಕು. ಮಿಕ್ಕಿದ್ದೆಲ್ಲ ಅದರ ಹಿಂದೆ ಬರುತ್ತದೆ.

ಒಂದೇ ಸೀಳಿನ ಸ್ಕ್ರೂ

ಎಲ್ಲಕ್ಕಿಂತ ಹಳೆಯದು ನೇರ ಸೀಳಿನದು. ನಾವು ಫ್ಲಾಟ್ ಅಥವಾ ಮೈನಸ್ ಅನ್ನುತ್ತೇವಲ್ಲ, ಅದು. 15ನೇ ಶತಮಾನದ ಯುರೋಪಿನ ಉಕ್ಕಿನ ಕವಚಗಳಲ್ಲೇ ಇಂಥ ಸ್ಕ್ರೂಗಳಿದ್ದವು. ಇದು ಇಷ್ಟು ಕಾಲ ಉಳಿದಿದ್ದಕ್ಕೆ ಕಾರಣ ಸರಳ. ಗರಗಸದಿಂದ ಒಂದು ಗೀಟು ಎಳೆದರೆ ಸ್ಕ್ರೂ ತಲೆ ಸಿದ್ಧ.

ಫ್ಲಾಟ್ ಸ್ಕ್ರೂಡ್ರೈವರ್ ಅಂದರೆ ಯಾವುದಾದರೂ ನಡೆಯುತ್ತದೆ ಅನ್ನುವುದು ದೊಡ್ಡ ತಪ್ಪು ತಿಳಿವಳಿಕೆ. ಇಲ್ಲಿ ಎರಡು ಅಳತೆ ಹೊಂದಬೇಕು. ತುದಿಯ ಅಗಲ ಸೀಳಿನ ಉದ್ದಕ್ಕೆ ಹತ್ತಿರ ಇರಬೇಕು. ತುದಿಯ ದಪ್ಪ ಸೀಳಿನ ಅಗಲವನ್ನು ತುಂಬಬೇಕು. ಅಗಲ ಕಡಿಮೆಯಾದರೆ ಪೂರ್ತಿ ಬಲ ಸೀಳಿನ ನಡುವೆ ಬೀಳುತ್ತದೆ, ಅಂಚು ಕಿತ್ತುಬರುತ್ತದೆ. ಅಗಲ ಜಾಸ್ತಿಯಾದರೆ ಅಕ್ಕಪಕ್ಕದ ಮರವನ್ನೋ ಬಣ್ಣವನ್ನೋ ಗೀರುತ್ತದೆ. ದಪ್ಪ ಕಡಿಮೆಯಾದರೆ ತುದಿ ಸೀಳಿನೊಳಗೆ ಓರೆಯಾಗಿ ನಿಲ್ಲುತ್ತದೆ, ಎರಡೇ ಎರಡು ಚೂಪು ಮೂಲೆ ಲೋಹವನ್ನು ತಾಗುತ್ತವೆ. ಒಳ್ಳೆಯ ಉಪಕರಣಗಳ ಮೇಲೆ 0.8 × 4, 1.0 × 5.5, 1.2 × 6.5 ಎಂಬ ಗುರುತುಗಳಿರುತ್ತವೆ. ಮೊದಲಿನದು ದಪ್ಪ, ಎರಡನೆಯದು ಅಗಲ, ಎರಡೂ ಮಿಲಿಮೀಟರ್‌ನಲ್ಲಿ.

ತುದಿಯನ್ನು ಪಕ್ಕದಿಂದ ನೋಡಿ. ಸಾಮಾನ್ಯ ಫ್ಲಾಟ್ ತುದಿ ಬೆಣೆಯ ಹಾಗೆ ಕೆಳಗೆ ತೆಳುವಾಗುತ್ತಾ ಬರುತ್ತದೆ. ಬೆಣೆಯನ್ನು ನೇರ ಗೋಡೆಗಳ ಸೀಳಿಗೆ ಇಟ್ಟು ತಿರುಗಿಸಿದರೆ ಅದು ಮೇಲೇಳಲು ನೋಡುತ್ತದೆ. ಬಂದೂಕು ರಿಪೇರಿ ಮಾಡುವವರು ಇದಕ್ಕಾಗಿಯೇ ತುದಿಯ ಎರಡು ಮುಖಗಳು ಕೊನೆಯಲ್ಲಿ ಸಮಾನಾಂತರವಾಗಿರುವ ಸ್ಕ್ರೂಡ್ರೈವರ್ ಇಟ್ಟುಕೊಳ್ಳುತ್ತಾರೆ. ಅದು ಸೀಳಿನ ತಳದವರೆಗೂ ತುಂಬಿ ಕೂರುತ್ತದೆ, ಸ್ಕ್ರೂ ಮೇಲೆ ಒಂದು ಗೀರೂ ಬೀಳುವುದಿಲ್ಲ. ಬೆಲೆಬಾಳುವ ಹಳೆಯ ವಸ್ತುಗಳನ್ನು ಬಿಚ್ಚುವವರು ಇಂಥದ್ದನ್ನೇ ಹುಡುಕಬೇಕು.

ಸ್ಟಾರ್ ಅನ್ನುವುದು ಒಂದೇ ಜಾತಿಯಲ್ಲ

ಸೀಳಿನ ಸ್ಕ್ರೂಗೆ ಒಂದು ದೋಷವಿದೆ. ತುದಿ ಪಕ್ಕಕ್ಕೆ ಜಾರಿ ಹೊರಗೆ ಬಂದುಬಿಡುತ್ತದೆ, ಕೈಗೂ ಚುಚ್ಚುತ್ತದೆ. 1908ರಲ್ಲಿ ಕೆನಡಾದ ಪಿ. ಎಲ್. ರಾಬರ್ಟ್‌ಸನ್ ಚೌಕಾಕಾರದ ಗುಳಿಯ ಸ್ಕ್ರೂ ಮಾಡಿ ಇದಕ್ಕೆ ಒಳ್ಳೆಯ ಉತ್ತರ ಕೊಟ್ಟರು. ಕೆನಡಾದಲ್ಲಿ ಅದು ಇಂದಿಗೂ ಎಲ್ಲೆಡೆ ಬಳಕೆಯಲ್ಲಿದೆ. ಆದರೆ ಜಗತ್ತನ್ನು ಗೆದ್ದದ್ದು ಪ್ಲಸ್ ಆಕಾರ. ಅಮೆರಿಕದ ಹೆನ್ರಿ ಎಫ್. ಫಿಲಿಪ್ಸ್ ಅದನ್ನು ತಿದ್ದಿ, 1936ರಲ್ಲಿ ಪೇಟೆಂಟ್ ಪಡೆದರು. ಕಾರು ಕಾರ್ಖಾನೆಗಳು ಕೂಡಲೇ ಕೈಗೆತ್ತಿಕೊಂಡವು, ಕ್ಯಾಡಿಲಾಕ್ ಮೊದಲ ಸಾಲಿನಲ್ಲಿತ್ತು. ಯಂತ್ರದಿಂದ ಬಿಗಿಯುವಾಗ ಪ್ಲಸ್ ತುದಿ ತಾನಾಗಿಯೇ ಗುಳಿಯ ನಡುವಿಗೆ ಬಂದು ಕೂರುತ್ತದೆ, ಕಣ್ಣಿಟ್ಟು ಸರಿಹೊಂದಿಸಬೇಕಿಲ್ಲ. ಸಾಲಾಗಿ ಸಾವಿರ ಸ್ಕ್ರೂ ಬಿಗಿಯುವ ಜಾಗದಲ್ಲಿ ಅದು ಬಹಳ ದೊಡ್ಡ ಅನುಕೂಲ.

ಫಿಲಿಪ್ಸ್ ಗುಳಿಯನ್ನು ಮೇಲಿನಿಂದ ನೋಡಿದರೆ ಪ್ಲಸ್. ಆದರೆ ಅದರ ಒಳಗೋಡೆಗಳು ನೇರವಾಗಿಲ್ಲ, ಕೆಳಗೆ ಹೋದಂತೆ ಕಿರಿದಾಗುತ್ತವೆ. ತುದಿಯ ನಾಲ್ಕು ರೆಕ್ಕೆಗಳೂ ಹಾಗೇ ಇಳಿಜಾರು. ಕೈಯಿಂದ ತಿರುಗಿಸಿದ ಬಲದ ಒಂದು ಪಾಲು ಈ ಇಳಿಜಾರಿನಲ್ಲಿ ಮೇಲಕ್ಕೆ ತಿರುಗಿಬಿಡುತ್ತದೆ. ಸ್ಕ್ರೂ ಬಿಗಿಯಾದಷ್ಟೂ ಹೊರಗೆ ನೂಕುವ ಬಲ ಜಾಸ್ತಿ. ನೀವು ಒತ್ತಿ ಹಿಡಿದ ಬಲಕ್ಕಿಂತ ಅದು ಹೆಚ್ಚಾದ ಕ್ಷಣ ತುದಿ ಎದ್ದು, ಗುಳಿಯ ಅಂಚಿನ ಮೇಲೆ ಹಾರಿ, ಮುಂದಿನ ರೆಕ್ಕೆಗೆ ಬೀಳುತ್ತದೆ. ಆ 'ಗರಕ್' ಇದೇ. ಪ್ರತಿ ಗರಕ್‌ಗೂ ಅಂಚಿನ ಒಂದಿಷ್ಟು ಲೋಹ ಹೋಗುತ್ತದೆ. ಅಂಚು ಸವೆದಷ್ಟೂ ಮುಂದಿನ ಸಲ ಜಾರುವುದು ಸುಲಭ. ಸ್ಕ್ರೂ ಅತಿಯಾಗಿ ಬಿಗಿಯಾಗಬಾರದೆಂದು ಬೇಕೆಂದೇ ಹೀಗೆ ಮಾಡಿದ್ದಾರೆ ಅನ್ನುವ ಮಾತನ್ನು ನೀವೂ ಕೇಳಿರಬಹುದು. ಮೂಲ ಪೇಟೆಂಟ್ ಅರ್ಜಿ ಹೇಳುವುದು ಅದಕ್ಕೆ ಉಲ್ಟಾ: ತುದಿ ಹೊರಗೆ ಜಾರದಂತೆ ಗಟ್ಟಿಯಾಗಿ ಹಿಡಿಯಬೇಕು ಅನ್ನುವುದೇ ಅವರ ಗುರಿಯಾಗಿತ್ತು.

ಫಿಲಿಪ್ಸ್ ಗಾತ್ರವನ್ನು ಪಿಎಚ್ ಎಂದು ಗುರುತಿಸುತ್ತಾರೆ. ಎಲೆಕ್ಟ್ರಾನಿಕ್ ವಸ್ತುಗಳ ಚಿಕ್ಕ ಸ್ಕ್ರೂಗೆ ಪಿಎಚ್ 00 ಮತ್ತು 0. ಎರಡೂವರೆ, ಮೂರು ಮಿಲಿಮೀಟರ್ ದಪ್ಪದ ಸ್ಕ್ರೂಗೆ ಪಿಎಚ್ 1. ಮೂರೂವರೆಯಿಂದ ಐದರವರೆಗೆ ಪಿಎಚ್ 2. ಆರು ಮಿಲಿಮೀಟರ್ ಬಂದರೆ ಪಿಎಚ್ 3. ಮನೆಯ ಬಹುಪಾಲು ಕೆಲಸ ಪಿಎಚ್ 2ರಲ್ಲೇ ಮುಗಿಯುತ್ತದೆ. ಅದಕ್ಕೇ ಎಲ್ಲದಕ್ಕೂ ಅದನ್ನೇ ಬಳಸುವ ಅಭ್ಯಾಸ ಬೆಳೆದುಬಿಡುತ್ತದೆ. ಪಿಎಚ್ 2ರ ಗುಳಿಗೆ ಪಿಎಚ್ 1 ಇಟ್ಟರೆ ಅದು ಒಳಗೆ ಇಳಿಯುತ್ತದೆ, ಹಿಡಿದ ಹಾಗೂ ಅನ್ನಿಸುತ್ತದೆ. ಆದರೆ ಅದು ನಿಂತಿರುವುದು ತಳದಲ್ಲಿ ಮಾತ್ರ, ಗೋಡೆಗಳನ್ನು ಮುಟ್ಟಿಯೇ ಇಲ್ಲ.

ಇನ್ನು ಪೋಜಿಡ್ರೈವ್. 1960ರ ದಶಕದಲ್ಲಿ ಬಂದದ್ದು, ಗುರುತು ಪಿಜೆಡ್. ಇದೂ ಪ್ಲಸ್ಸೇ, ಆದರೆ ರೆಕ್ಕೆಗಳ ಗೋಡೆ ಹೆಚ್ಚುಕಮ್ಮಿ ನೇರ. ಹಾಗಾಗಿ ಹೊರಗೆ ನೂಕುವ ಬಲ ಬಹಳ ಕಡಿಮೆ. ಸ್ಕ್ರೂ ತಲೆಯಲ್ಲಿ ಪ್ಲಸ್‌ನ ನಾಲ್ಕು ತೋಳುಗಳ ನಡುವೆ ಓರೆಯಾಗಿ ನಾಲ್ಕು ಸಣ್ಣ ಗೆರೆಗಳಿದ್ದರೆ ಅದು ಪೋಜಿಡ್ರೈವ್. ಬಿಡಿ ಭಾಗಗಳಾಗಿ ಬಂದು ನಾವೇ ಜೋಡಿಸಿಕೊಳ್ಳುವ ಕಪಾಟು, ಮೇಜುಗಳಲ್ಲಿ ಇವು ತುಂಬಾ ಸಿಗುತ್ತವೆ. ಬಾಗಿಲಿನ ಹಿಂಜ್ ಬಿಗಿಯುವಾಗ ಪದೇಪದೇ ಜಾರುತ್ತಿದ್ದರೆ ಮೊದಲು ಈ ಗೆರೆಗಳನ್ನು ಹುಡುಕಿ.

ಈಗ ಆ ಚುಕ್ಕೆ. ಹಲವು ಜಪಾನಿ ಸ್ಕ್ರೂಗಳ ತಲೆಯ ಮೇಲಿರುವ ಒಂಟಿ ಚುಕ್ಕೆ ಅದು ಜೆಐಎಸ್ ಅಂದರೆ ಜಪಾನಿನ ಮಾನದಂಡದ ಸ್ಕ್ರೂ ಎಂದು ಹೇಳುತ್ತದೆ. ನೋಡಲು ಥೇಟ್ ಫಿಲಿಪ್ಸ್. ಆದರೆ ತುದಿಯ ಮೊನೆಯ ಆಕಾರ, ರೆಕ್ಕೆಗಳು ಸೇರುವ ಮೂಲೆಯ ದುಂಡಗಿನ ಅಳತೆ ಎರಡರಲ್ಲೂ ಬೇರೆ. ಫಿಲಿಪ್ಸ್ ತುದಿ ಈ ಗುಳಿಯಲ್ಲಿ ಪೂರ್ತಿ ಇಳಿಯದೆ ಸ್ವಲ್ಪ ಮೇಲೆಯೇ ಸಿಕ್ಕಿಕೊಳ್ಳುತ್ತದೆ. ಜೆಐಎಸ್ ತುದಿಯಿಂದ ಫಿಲಿಪ್ಸ್ ಸ್ಕ್ರೂ ತಿರುಗಿಸಿದರೆ ಮಾತ್ರ ಅಷ್ಟು ತೊಂದರೆಯಿಲ್ಲ. ಹಳೆಯ ಜಪಾನಿ ಬೈಕು, ಕ್ಯಾಮೆರಾ, ಟೇಪ್ ರೆಕಾರ್ಡರ್ ಬಿಚ್ಚುವವರಿಗೆ ಒಂದು ಜೆಐಎಸ್ ಸ್ಕ್ರೂಡ್ರೈವರ್ ಇರಲೇಬೇಕು. ಆ ಡಬ್ಬಿಯ ಎರಡನೇ ಸ್ಕ್ರೂಗೆ ನಾನು ಸರಿಯಾದ ತುದಿ ತಂದು ಇಟ್ಟಾಗ ಆದ ವ್ಯತ್ಯಾಸ ಬೆರಳಿಗೇ ತಿಳಿಯಿತು. ಅಲುಗಾಟವೇ ಇಲ್ಲ. ತುದಿಯೂ ಸ್ಕ್ರೂ ಕೂಡ ಒಂದೇ ಲೋಹದ ತುಂಡಾದ ಹಾಗೆ. ಒತ್ತಿ ತಿರುಗಿಸಿದೆ, 'ಟಕ್' ಅಂದಿತು, ಬಿಟ್ಟುಕೊಂಡಿತು.

ಮಿಕ್ಕ ಆಕಾರಗಳ ಬಗ್ಗೆ ಜಾಸ್ತಿ ಹೇಳಬೇಕಿಲ್ಲ, ಯಾಕೆಂದರೆ ಅವು ತಪ್ಪು ತುದಿಯನ್ನು ಅಷ್ಟು ಸುಲಭವಾಗಿ ಒಳಗೆ ಬಿಡುವುದಿಲ್ಲ. ಆರು ಮೂಲೆಯದು ಅಲೆನ್. ಆರು ದಳದ ಹೂವಿನ ಹಾಗಿರುವುದು ಟಾರ್ಕ್ಸ್, 1967ರದ್ದು, ಗಾತ್ರ ಟಿ10, ಟಿ20 ಎಂದು ನಡೆಯುತ್ತದೆ. ಅದರ ಗೋಡೆಗಳು ನೇರವಾಗಿ ಇಳಿಯುವುದರಿಂದ ತುದಿ ಮೇಲೇಳುವುದೇ ಅಪರೂಪ. ನನ್ನ ಕೇಳಿದರೆ, ಹೊಸದಾಗಿ ಏನನ್ನಾದರೂ ಮಾಡುವಾಗ ಸ್ಕ್ರೂ ಆರಿಸುವ ಅವಕಾಶ ನಿಮಗಿದ್ದರೆ ಟಾರ್ಕ್ಸ್ ಆರಿಸಿ. ನಡುವೆ ಪುಟ್ಟ ಕಡ್ಡಿ ಎದ್ದಿರುವ ಟಾರ್ಕ್ಸ್‌ಗೆ ತೂತಿರುವ ತುದಿ ಬೇಕು. ಐಫೋನ್‌ನ ತಳದಲ್ಲಿರುವ ಐದು ದಳದ್ದು ಪೆಂಟಲೋಬ್.

ಗುರುತು ಗೊತ್ತಾಗದಿದ್ದರೆ ಒಂದು ಸುಲಭ ಪರೀಕ್ಷೆ ಇದೆ. ಮ್ಯಾಗ್ನೆಟ್ ಇಲ್ಲದ ಸ್ಕ್ರೂಡ್ರೈವರ್ ತೆಗೆದುಕೊಳ್ಳಿ. ತುದಿಗೆ ಬಿಡಿ ಸ್ಕ್ರೂ ಸಿಕ್ಕಿಸಿ ಅಡ್ಡಲಾಗಿ ಹಿಡಿಯಿರಿ. ಸ್ಕ್ರೂ ಬೀಳದೆ ನಿಂತರೆ, ಅಲ್ಲಾಡಿಸಿದಾಗ ಲಟಲಟ ಅನ್ನದಿದ್ದರೆ, ಜೋಡಿ ಸರಿಯಾಗಿದೆ.

ಬಲ ಬರುವುದು ಎಲ್ಲಿಂದ

ಸ್ಕ್ರೂಡ್ರೈವರ್ ಉದ್ದ ಇದ್ದಷ್ಟೂ ಬಲ ಜಾಸ್ತಿ ಅಂತ ಬಹಳ ಜನ ನಂಬಿದ್ದಾರೆ. ನೇರವಾಗಿ ಹಿಡಿದು ತಿರುಗಿಸುವಾಗ ಉದ್ದಕ್ಕೂ ತಿರುಗುವ ಬಲಕ್ಕೂ ಸಂಬಂಧವಿಲ್ಲ. ಬಲ ಕೊಡುವುದು ಹಿಡಿಯ ದಪ್ಪ. ನಿಮ್ಮ ಬೆರಳುಗಳು ಹಿಡಿಯ ಮೇಲ್ಮೈಯನ್ನು ತಳ್ಳುತ್ತವೆ. ಆ ಮೇಲ್ಮೈ ನಡುಗೆರೆಯಿಂದ ಎಷ್ಟು ದೂರ ಇದೆಯೋ ಅಷ್ಟು ಬಲ. 20 ಮಿಲಿಮೀಟರ್ ದಪ್ಪದ ಹಿಡಿಯ ಬದಲು 30 ಮಿಲಿಮೀಟರ್‌ನದು ಹಿಡಿದರೆ ಅದೇ ಕೈಯಿಂದ ಒಂದೂವರೆ ಪಟ್ಟು ತಿರುಗುವ ಬಲ ಬರುತ್ತದೆ. ಉದ್ದದ್ದರಲ್ಲಿ ಕೆಲಸ ಸಲೀಸು ಅನ್ನಿಸುವುದು ಯಾಕೆ? ಅವುಗಳ ಹಿಡಿ ಸಾಮಾನ್ಯವಾಗಿ ದಪ್ಪಗಿರುತ್ತದೆ. ಜೊತೆಗೆ ಸರಳು ಉದ್ದ ಇದ್ದರೆ ಕೈ ಸ್ವಲ್ಪ ಅತ್ತಿತ್ತ ಸರಿದರೂ ತುದಿ ಅಷ್ಟು ಓರೆಯಾಗುವುದಿಲ್ಲ.

ಚಿಕ್ಕ ಸ್ಕ್ರೂಡ್ರೈವರ್‌ಗೆ ಸಣ್ಣ ಹಿಡಿ ಇಡುವುದೂ ಇದೇ ಕಾರಣಕ್ಕೆ. ಎಳೆಯ ಸ್ಕ್ರೂವನ್ನು ದಪ್ಪ ಹಿಡಿಯಿಂದ ಬಿಗಿದರೆ ಕುತ್ತಿಗೆ ಮುರಿಯುತ್ತದೆ. ಗಡಿಯಾರ, ಮೊಬೈಲ್ ಕೆಲಸದ ಸ್ಕ್ರೂಡ್ರೈವರ್‌ಗಳ ನೆತ್ತಿಯಲ್ಲಿ ತಾನೇ ತಿರುಗುವ ಟೋಪಿ ಇರುತ್ತದೆ. ತೋರುಬೆರಳಿನಿಂದ ಅದನ್ನು ಒತ್ತಿ, ಹೆಬ್ಬೆರಳು ನಡುಬೆರಳುಗಳಲ್ಲಿ ಹಿಡಿಯನ್ನು ತಿರುಗಿಸುವುದು. ಒತ್ತುವ ಕೆಲಸ ಒಂದು ಬೆರಳಿನದು, ತಿರುಗಿಸುವ ಕೆಲಸ ಉಳಿದ ಎರಡರದು. ನನಗೆ ತುಂಬಾ ಇಷ್ಟವಾದ ವಿನ್ಯಾಸ ಇದು.

ಕೆಲವು ದೊಡ್ಡ ಸ್ಕ್ರೂಡ್ರೈವರ್‌ಗಳಲ್ಲಿ ಹಿಡಿಯ ಬುಡದ ಹತ್ತಿರ ಸರಳು ಆರು ಮೂಲೆಯಾಗಿರುತ್ತದೆ. ಅಲ್ಲಿಗೆ ಸ್ಪ್ಯಾನರ್ ಹಾಕಿ ತಿರುಗಿಸಬಹುದು. ಹಟ ಹಿಡಿದ ಸ್ಕ್ರೂಗೆ ಇದು ದೊಡ್ಡ ಸಹಾಯ.

ಕೊಳ್ಳುವಾಗ ನಲವತ್ತು ತುಂಡುಗಳ ಸೆಟ್‌ಗಿಂತ ಐದು ಒಳ್ಳೆಯವು ಮೇಲು. ಪಿಎಚ್ 1, ಪಿಎಚ್ 2, ಪಿಜೆಡ್ 2, ಒಂದು ಸಣ್ಣ ಫ್ಲಾಟ್, ಒಂದು ದೊಡ್ಡ ಫ್ಲಾಟ್. ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ರೆಕ್ಕೆಗಳು ಒಂದೇ ಸಮ ಇರಬೇಕು, ಅಂಚು ಚೊಕ್ಕವಾಗಿರಬೇಕು. ಕ್ರೋಮ್ ಬಣ್ಣ ತುದಿಯ ಮೇಲೂ ದಪ್ಪಗೆ ಕೂತಿದ್ದರೆ ಅದು ಎದ್ದುಹೋಗುತ್ತದೆ, ಅಳತೆಯೂ ಕೆಡುತ್ತದೆ. ಒಳ್ಳೆಯವುಗಳ ತುದಿ ಸಾಮಾನ್ಯವಾಗಿ ಹೊಳೆಯದೆ ಮಾಸಲು ಬೂದು ಅಥವಾ ಕಪ್ಪಾಗಿರುತ್ತದೆ. ಕ್ರೋಮ್ ವನೇಡಿಯಂ ಉಕ್ಕು ಕೈಕೆಲಸಕ್ಕೆ ಚೆನ್ನಾಗಿದೆ. ಡ್ರಿಲ್‌ಗೆ ಹಾಕುವ ಬಿಟ್‌ಗಳಿಗೆ ಪೆಟ್ಟು ತಡೆಯುವ ಎಸ್2 ಉಕ್ಕು ವಾಸಿ. ಬಿಟ್ ಬದಲಿಸುವ ಒಂದೇ ಹಿಡಿಯ ಸ್ಕ್ರೂಡ್ರೈವರ್ ಜಾಗ ಉಳಿಸುತ್ತದೆ ನಿಜ, ಆದರೆ ಆಳವಾದ ಕಿರಿದಾದ ತೂತಿನೊಳಗೆ ಅದರ ದಪ್ಪ ಕುತ್ತಿಗೆ ಇಳಿಯುವುದಿಲ್ಲ.

ಮೊದಲು ಒತ್ತು, ಆಮೇಲೆ ತಿರುವು

ಸ್ಕ್ರೂ ಬಿಚ್ಚುವ ಮೊದಲು ಅದರ ಗುಳಿ ನೋಡಿ. ಕೊಳೆ, ಬಣ್ಣ, ತುಕ್ಕು ತುಂಬಿದ್ದರೆ ಪಿನ್ನಿನಿಂದ ಕೆರೆದು ತೆಗೆಯಿರಿ. ತಳ ಸಿಗದಿದ್ದರೆ ಎಷ್ಟು ಒಳ್ಳೆಯ ತುದಿಯಾದರೂ ಜಾರುತ್ತದೆ. ಸ್ಕ್ರೂಡ್ರೈವರ್ ಅನ್ನು ಸ್ಕ್ರೂಗೆ ನೇರ ಹಿಡಿಯಿರಿ. ಹಿಡಿಯ ನೆತ್ತಿ ಅಂಗೈಗೆ ತಾಗಲಿ. ಮೊದಲು ಒತ್ತಿ. ಒತ್ತು ಕೂತಿತು ಅನ್ನಿಸಿದ ಮೇಲೆ ತಿರುಗಿಸಿ. ಮೊದಲ ಕಾಲು ಸುತ್ತಿಗೆ ತಿರುಗಿಸುವುದಕ್ಕಿಂತ ಒತ್ತುವ ಬಲವೇ ಜಾಸ್ತಿ ಇರಬೇಕು. ಬಿಡಿಸುವಾಗ ಎಡಕ್ಕೆ, ಬಿಗಿಯುವಾಗ ಬಲಕ್ಕೆ. ಉಲ್ಟಾ ಇರುವುದು ಅಪರೂಪ, ಸೈಕಲ್ಲಿನ ಎಡ ಪೆಡಲ್ ಹಾಗೆ.

ವಸ್ತುವನ್ನು ಒಂದು ಅಂಗೈಯಲ್ಲಿಟ್ಟುಕೊಂಡು ಇನ್ನೊಂದು ಕೈಯಿಂದ ಸ್ಕ್ರೂ ಒತ್ತಬೇಡಿ. ತುದಿ ಜಾರಿದರೆ ನೇರ ಅಂಗೈಗೇ ಇಳಿಯುತ್ತದೆ. ಮೇಜಿನ ಮೇಲಿಡಿ, ಇಕ್ಕಳದಲ್ಲಿ ಬಿಗಿಯಿರಿ.

ಪ್ಲಾಸ್ಟಿಕ್ ಅಥವಾ ಮರಕ್ಕೆ ಸ್ಕ್ರೂ ಮರಳಿ ಹಾಕುವಾಗ ಮಾಡಬೇಕಾದ ಒಂದು ಕೆಲಸವಿದೆ, ಬಹಳ ಕಡಿಮೆ ಜನ ಮಾಡುತ್ತಾರೆ. ಸ್ಕ್ರೂವನ್ನು ತೂತಿನಲ್ಲಿಟ್ಟು ಮೊದಲು ಹಗುರವಾಗಿ ಹಿಂದಕ್ಕೆ, ಅಂದರೆ ಬಿಚ್ಚುವ ದಿಕ್ಕಿಗೆ ತಿರುಗಿಸಿ. ಅರ್ಧ ಸುತ್ತೋ ಮುಕ್ಕಾಲು ಸುತ್ತೋ ಆಗುವಷ್ಟರಲ್ಲಿ ಬೆರಳಿಗೆ ಸಣ್ಣದೊಂದು 'ಟಕ್' ತಿಳಿಯುತ್ತದೆ. ಸ್ಕ್ರೂ ಕೂದಲೆಳೆಯಷ್ಟು ಕೆಳಗಿಳಿಯುತ್ತದೆ. ಹಳೆಯ ಥ್ರೆಡ್‌ನ ಬಾಯಿಗೆ ಅದು ಬಿದ್ದ ಕ್ಷಣ ಅದು. ಈಗ ಮುಂದಕ್ಕೆ ತಿರುಗಿಸಿದರೆ ಹಳೆಯ ದಾರಿಯಲ್ಲೇ ಇಳಿದುಹೋಗುತ್ತದೆ. ಹಾಗೆ ಮಾಡದೆ ಸುಮ್ನೆ ಒತ್ತಿ ತಿರುಗಿಸಿದರೆ ಸ್ಕ್ರೂ ತನಗೆ ಹೊಸ ದಾರಿ ಕೊರೆದುಕೊಳ್ಳುತ್ತದೆ. ನಾಲ್ಕು ಸಲ ಬಿಚ್ಚಿ ಹಾಕಿದರೆ ತೂತಿನಲ್ಲಿ ಥ್ರೆಡ್ಡೇ ಉಳಿಯುವುದಿಲ್ಲ. ಬ್ಯಾಟರಿ ಮುಚ್ಚಳದ ಸ್ಕ್ರೂಗಳು ಸುತ್ತುತ್ತಲೇ ಇರುವುದು ಹೀಗೆ.

ಹೊಸ ಮರಕ್ಕೆ ಹಾಕುವಾಗ ಮೊದಲು ಸಣ್ಣ ತೂತು ಕೊರೆದು, ಸ್ಕ್ರೂಗೆ ಒಂದಿಷ್ಟು ಮೇಣ ಸವರಿ. ಹಿತ್ತಾಳೆ ಸ್ಕ್ರೂ ಮೆತ್ತಗಿರುತ್ತದೆ. ಅದೇ ಅಳತೆಯ ಉಕ್ಕಿನ ಸ್ಕ್ರೂ ಒಮ್ಮೆ ಹಾಕಿ ತೆಗೆದು, ಆಮೇಲೆ ಹಿತ್ತಾಳೆಯದನ್ನು ಹಾಕಿದರೆ ತಲೆ ಮುರಿಯುವುದಿಲ್ಲ.

ಜಗ್ಗದ ಸ್ಕ್ರೂಗೆ ಮೊದಲ ಗರಕ್ ಕೇಳಿದ ಕೂಡಲೇ ಕೈ ನಿಲ್ಲಿಸಿ. ಕೆಟ್ಟದ್ದು ಇನ್ನೂ ಸ್ವಲ್ಪವೇ, ಉಳಿಸಲು ಅವಕಾಶವಿದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾಯಿರಿ. ಒಮ್ಮೆ ಬಿಗಿಯುವ ಕಡೆಗೆ ಸ್ವಲ್ಪ ತಿರುಗಿಸಿ ನೋಡಿ, ಎಷ್ಟೋ ಸಲ ತುಕ್ಕಿನ ಹಿಡಿತ ಅಲ್ಲೇ ಬಿಡುತ್ತದೆ. ಎಂಜಿನ್ ವಾಲ್ವ್ ಉಜ್ಜಲು ಬಳಸುವ ಗರಗರ ಪೇಸ್ಟ್ ಒಂದು ಹನಿ ತುದಿಗೆ ಹಚ್ಚಿದರೆ ಹಿಡಿತ ಚೆನ್ನಾಗಿ ಹೆಚ್ಚುತ್ತದೆ. ಗುಳಿ ಸ್ವಲ್ಪವೇ ಸವೆದಿದ್ದರೆ ಅಗಲವಾದ ರಬ್ಬರ್ ಬ್ಯಾಂಡ್ ನಡುವೆ ಇಟ್ಟು ಒತ್ತಿ ತಿರುಗಿಸಬಹುದು. ಇನ್ನೊಂದು ಉಪಕರಣ ಇಂಪ್ಯಾಕ್ಟ್ ಡ್ರೈವರ್. ಅದರ ತಲೆಗೆ ಸುತ್ತಿಗೆಯಿಂದ ಹೊಡೆದರೆ ಅದೇ ಪೆಟ್ಟು ತುದಿಯನ್ನು ಒತ್ತುತ್ತದೆ, ತಿರುಗಿಸುತ್ತದೆ ಕೂಡ. ನನ್ನ ಮೊದಲ ಸ್ಕ್ರೂ ಕೊನೆಗೆ ಬಂದದ್ದು ಅದರಿಂದಲೇ.

ಕರೆಂಟ್ ಇರುವ ಕಡೆ

ಪ್ಲಾಸ್ಟಿಕ್ ಹಿಡಿ ಇದ್ದ ಮಾತ್ರಕ್ಕೆ ಸ್ಕ್ರೂಡ್ರೈವರ್ ಕರೆಂಟ್ ತಡೆಯುತ್ತದೆ ಎಂದು ನಂಬಬೇಡಿ. ವಿದ್ಯುತ್ ಕೆಲಸಕ್ಕೆ ಮಾಡಿದ್ದರಲ್ಲಿ ಸರಳಿನ ಮೇಲೂ ತುದಿಯ ಹತ್ತಿರದವರೆಗೆ ಹೊದಿಕೆ ಇರುತ್ತದೆ. ಅದರ ಮೇಲೆ ಎರಡು ತ್ರಿಕೋನದ ಚಿಹ್ನೆ, 1000 ವೋಲ್ಟ್ ಎಂಬ ಬರಹ, ಐಇಸಿ 60900 ಎಂಬ ಮಾನದಂಡದ ಸಂಖ್ಯೆ ಇರುತ್ತದೆ. ಹೊದಿಕೆ ಒಂದು ಕಡೆ ಸೀಳಿದ್ದರೂ ಆ ಕೆಲಸಕ್ಕೆ ಮತ್ತೆ ಬಳಸಬೇಡಿ. ಇದು ಎರಡನೇ ರಕ್ಷಣೆ ಮಾತ್ರ. ಮೊದಲನೆಯದು ಮೇನ್ ಆಫ್ ಮಾಡುವುದು.

ದೀಪ ಹತ್ತುವ ಟೆಸ್ಟರ್ ಬಗ್ಗೆಯೂ ಹೇಳಲೇಬೇಕು. ಅದರೊಳಗೆ ಒಂದು ನಿಯಾನ್ ದೀಪ ಮತ್ತು ಕರೆಂಟನ್ನು ಬಹಳ ಸಣ್ಣದಾಗಿಸುವ ರೆಸಿಸ್ಟರ್ ಇದೆ. ಆ ಸಣ್ಣ ಕರೆಂಟ್ ನಿಮ್ಮ ಮೈ ಮೂಲಕ ಹರಿದಾಗ ದೀಪ ಹತ್ತುತ್ತದೆ. ನೀವು ರಬ್ಬರ್ ಚಪ್ಪಲಿ ಹಾಕಿ ಒಣ ಮರದ ಸ್ಟೂಲ್ ಹತ್ತಿದ್ದರೆ ದೀಪ ಮಂಕಾಗಬಹುದು, ಹತ್ತದೆಯೂ ಇರಬಹುದು. ಬಿಸಿಲಿನಲ್ಲಿ ಹತ್ತಿದರೂ ಕಾಣುವುದಿಲ್ಲ. ಹತ್ತಿದರೆ ಕರೆಂಟ್ ಇದೆ ಅನ್ನಬಹುದು. ಹತ್ತಲಿಲ್ಲ ಅಂದರೆ ಇಲ್ಲ ಅನ್ನಲಾಗದು. ಹಾಗಾಗಿ ಅದನ್ನೇ ನಂಬಿ ತಂತಿ ಮುಟ್ಟಬೇಡಿ. ಟೆಸ್ಟರ್‌ನಿಂದ ಬಿಗಿಯಾದ ಸ್ಕ್ರೂ ಬಿಚ್ಚುವುದೂ ಬೇಡ. ಒಳಗೆ ಒಡೆದರೆ ಹೊರಗೆ ಗೊತ್ತಾಗುವುದಿಲ್ಲ.

ಎತ್ತಿಡುವ ಮೊದಲು

ಕೆಲಸ ಮುಗಿದ ಮೇಲೆ ಬಟ್ಟೆಯಿಂದ ಒರೆಸಿ. ತೇವ ಇರುವ ಜಾಗದಲ್ಲಿ ಇಡುವುದಾದರೆ ಎಣ್ಣೆ ಬಟ್ಟೆಯಲ್ಲಿ ಒಮ್ಮೆ ಸವರಿ. ಆದರೆ ಹಿಡಿಗೆ ಎಣ್ಣೆ ತಾಗದಿರಲಿ. ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದರೆ ತುದಿಗೆ ತುದಿ ಬಡಿದು ಅಂಚು ಹಾಳಾಗುತ್ತದೆ. ಮರದ ಪಟ್ಟಿಯಲ್ಲಿ ತೂತು ಕೊರೆದು ನಿಲ್ಲಿಸಿದರೆ ಬೇಕಾದದ್ದು ಕೂಡಲೇ ಸಿಗುತ್ತದೆ.

ಬಹಳ ವರ್ಷ ಮುಚ್ಚಿಟ್ಟ ಡಬ್ಬಿ ತೆರೆದಾಗ ಕೆಲವು ಪಾರದರ್ಶಕ ಹಿಡಿಗಳ ಮೇಲೆ ಬಿಳಿ ಪುಡಿ ಕೂತು, ಹಳಸಿದ ಬೆಣ್ಣೆಯ ವಾಸನೆ ಹೊಡೆಯುತ್ತದೆ. ಕೊಳೆ ಅಲ್ಲ ಅದು. ಆ ಪ್ಲಾಸ್ಟಿಕ್ ನಿಧಾನವಾಗಿ ಒಡೆದು ಬ್ಯುಟಿರಿಕ್ ಆಮ್ಲ ಬಿಡುತ್ತದೆ, ಹಳಸಿದ ಬೆಣ್ಣೆಯಲ್ಲಿರುವುದೂ ಅದೇ ಆಮ್ಲ. ಸೋಪು ನೀರಿನಲ್ಲಿ ಉಜ್ಜಿ ತೊಳೆದು ಒಣಗಿಸಿ, ಗಾಳಿಯಾಡುವ ಕಡೆ ಇಡಿ.

ಸವೆದ ಫ್ಲಾಟ್ ತುದಿಯನ್ನು ಅರದಿಂದ ಉಜ್ಜಿ ನೇರ ಮಾಡಬಹುದು. ಅರಕ್ಕೆ ಜಗ್ಗದಷ್ಟು ಗಟ್ಟಿಯಾಗಿದ್ದರೆ ನುಣುಪಾದ ಸಾಣೆಕಲ್ಲು ಬಳಸಿ. ತಿರುಗುವ ಗ್ರೈಂಡರ್‌ನಲ್ಲಿ ಮಾಡಿದರೆ ಎರಡೆರಡು ಸೆಕೆಂಡಿಗೆ ನೀರಿನಲ್ಲಿ ಅದ್ದಬೇಕು. ತುದಿ ನೀಲಿ ಬಣ್ಣಕ್ಕೆ ತಿರುಗಿದರೆ ಉಕ್ಕಿನ ಗಡಸುತನ ಹೋಯಿತೆಂದೇ ಅರ್ಥ, ಅಂಥ ತುದಿ ಮುಂದಿನ ಬಿಗಿ ಸ್ಕ್ರೂಗೆ ಬಾಗುತ್ತದೆ. ಸ್ಟಾರ್ ತುದಿಗೆ ಈ ಉಪಾಯ ಇಲ್ಲ. ಅದರ ರೆಕ್ಕೆಗಳ ಅಂಚು ದುಂಡಾಗಿ ಬೆಳಕಿಗೆ ಹೊಳೆಯತೊಡಗಿದರೆ ಬದಲಾಯಿಸುವುದೇ ದಾರಿ. ಸವೆದ ತುದಿ ತಾನು ಮುಟ್ಟಿದ ಒಳ್ಳೆಯ ಸ್ಕ್ರೂಗಳನ್ನೂ ಕೆಡಿಸುತ್ತಾ ಹೋಗುತ್ತದೆ.

ಸ್ಕ್ರೂಡ್ರೈವರ್‌ನಿಂದ ಮೀಟುವುದು, ಉಳಿಯ ಹಾಗೆ ಹೊಡೆಯುವುದು ಬೇಡ ಎಂದು ಎಲ್ಲರೂ ಹೇಳುತ್ತಾರೆ. ಆದರೂ ಬಣ್ಣದ ಡಬ್ಬಿಯ ಮುಚ್ಚಳ ಎದುರಿಗಿದ್ದಾಗ ಕೈ ಅದರ ಕಡೆಗೇ ಹೋಗುತ್ತದೆ, ಅಲ್ವಾ? ಅದಕ್ಕೆ ನಾನು ಸವೆದ ಒಂದು ದೊಡ್ಡ ಫ್ಲಾಟ್ ಸ್ಕ್ರೂಡ್ರೈವರ್‌ನ ಹಿಡಿಗೆ ಕೆಂಪು ಟೇಪ್ ಸುತ್ತಿ ಬೇರೆ ಇಟ್ಟಿದ್ದೇನೆ. ಮೀಟಲು, ಕೆರೆಯಲು, ಬಣ್ಣ ಕಲಸಲು ಅದೊಂದೇ. ಮಿಕ್ಕವು ಸ್ಕ್ರೂ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ.